ರಾತ್ರಿ ಎಬ್ಬಿಸುವ ತೊಡೆಸಂದಿನ ನೋವು: ‘ಒಂದೇ ಸೂಜಿಯಲ್ಲಿ ಗುಣ’ ಎಂಬ ಮಾತು ಎಷ್ಟು ನಿಜ?

“ಆಪರೇಷನ್ ಬೇಡ, ಹೊಲಿಗೆ ಬೇಡ, ಒಂದೇ ಸೂಜಿ ಸಾಕು, ಸೊಂಟದ ನೋವು ಮಾಯ.” ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂಥ ಊರಿನಲ್ಲಿ ಕೂತು ಇದನ್ನು ಓದುವವರಿಗೆ ಎರಡು ಪ್ರಶ್ನೆ ಏಳುವುದು ಸಹಜ. ಇದು ನಿಜವೇ? ನಿಜವಾದರೆ ನಮ್ಮ ಮನೆಯಲ್ಲಿ ಕುಂಟುತ್ತಿರುವವರಿಗೂ ಆಗುತ್ತದೆಯೇ?

ಚಿಕ್ಕ ಉತ್ತರ ಹೀಗಿದೆ. ಸೊಂಟದ ಕೀಲಿನ ನೋವಿಗೆ ಸೂಜಿಯಷ್ಟು ಸಣ್ಣ ರಂಧ್ರದಿಂದ ಮಾಡುವ ಚಿಕಿತ್ಸೆ ಇರುವುದು ನಿಜ. ಅದು ಚೆನ್ನಾಗಿ ಕೆಲಸ ಮಾಡುವುದೂ ನಿಜ. ಆದರೆ ಅದು ಒಂದು ಅಪರೂಪದ ಕಾಯಿಲೆಗೆ ಮಾತ್ರ. ಉಳಿದ ಹತ್ತಾರು ಕಾರಣಗಳಿಂದ ಬರುವ ನೋವಿಗೆ ಆ ಸೂಜಿಯಿಂದ ಏನೂ ಆಗದು. ಆದ್ದರಿಂದ ಇಲ್ಲಿ ರಂಧ್ರ ಎಷ್ಟು ಸಣ್ಣದು ಎನ್ನುವುದು ದೊಡ್ಡ ಮಾತಲ್ಲ. ನೋವಿಗೆ ಸರಿಯಾದ ಹೆಸರು ಸಿಕ್ಕಿದೆಯೇ ಎನ್ನುವುದೇ ದೊಡ್ಡ ಮಾತು. ಆ ಹೆಸರು ಸಿಗುವುದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗುತ್ತದೆ. ಏಕೆ ಎಂದು ನೋಡೋಣ.

ಮೊದಲಿಗೆ, ‘ಸೊಂಟ’ ಎಂದರೆ ಎಲ್ಲಿ?

ಗೊಂದಲ ನಮ್ಮ ಮಾತಿನಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ‘ಸೊಂಟ ನೋವು’ ಎಂದರೆ ಹೆಚ್ಚಿನವರು ತೋರಿಸುವುದು ಬೆನ್ನಿನ ಕೆಳಭಾಗವನ್ನು, ಅಂದರೆ ಉಡುದಾರ ಕಟ್ಟುವ ಜಾಗವನ್ನು. ಅದು ಸಾಮಾನ್ಯವಾಗಿ ಬೆನ್ನುಮೂಳೆಯ ಅಥವಾ ಅಲ್ಲಿನ ಸ್ನಾಯುಗಳ ನೋವು. ಆದರೆ ‘ಸೊಂಟದ ಕೀಲು’ ಇರುವುದು ಅದಕ್ಕಿಂತ ಕೆಳಗೆ ಮತ್ತು ಒಳಗೆ. ತೊಡೆಮೂಳೆಯ ಗುಂಡು ತಲೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ಕೂರುವ ಜಾಗ ಅದು. ಆ ಕೀಲಿನ ನೋವು ಹೆಚ್ಚಾಗಿ ಗೊತ್ತಾಗುವುದು ಮುಂಭಾಗದಲ್ಲಿ, ತೊಡೆಸಂದಿಯಲ್ಲಿ. ಕೆಲವರಿಗೆ ತೊಡೆಯಲ್ಲಿ ನೋವು ಬರುತ್ತದೆ. ಇನ್ನು ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಕೀಲಿನಲ್ಲಿ ತೊಂದರೆ ಇದ್ದರೂ ನೋವು ಕಾಣಿಸುವುದು ಮೊಣಕಾಲಿನಲ್ಲಿ. ಎರಡೂ ಕೀಲುಗಳಿಗೆ ಹೋಗುವ ನರಗಳು ಒಂದೇ ಆಗಿರುವುದರಿಂದ ಮಿದುಳು ಹೀಗೆ ಮೋಸ ಹೋಗುತ್ತದೆ.

ಪರಿಣಾಮ ಏನು? ‘ಸೊಂಟ ನೋವು’ ಎಂದವರಿಗೆ ಬೆನ್ನಿನ ಎಂಆರ್‌ಐ ಆಗುತ್ತದೆ. ‘ಮೊಣಕಾಲು ನೋವು’ ಎಂದ ಹುಡುಗನಿಗೆ ಮೊಣಕಾಲಿನ ಎಕ್ಸ್-ರೇ ಆಗುತ್ತದೆ. ಎರಡೂ ಸರಿಯಾಗಿಯೇ ಕಾಣುತ್ತವೆ, ನೋವು ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಡಾಕ್ಟರ ಮುಂದೆ ಹೆಸರು ಹೇಳುವುದಕ್ಕಿಂತ ಬೆರಳಿಟ್ಟು ತೋರಿಸುವುದು ಮೇಲು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರುಗಾಲಲ್ಲಿ ಕೂರಲು, ಕಾಲನ್ನು ಒಳಕ್ಕೆ ತಿರುಗಿಸಲು ನೋಯುತ್ತದೆಯೇ ಎಂಬುದನ್ನೂ ಹೇಳಿ. ಕೀಲು ಯಾವುದೆಂದು ಪತ್ತೆ ಮಾಡಲು ಇವು ಒಳ್ಳೆಯ ಸುಳಿವುಗಳು.

ಆ ಅಪರೂಪದ ಕಾಯಿಲೆ ಯಾವುದು?

ಅದರ ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮಾ. ಮೂಳೆಯೊಳಗೆ ಹುಟ್ಟುವ ಸಣ್ಣ ಗಡ್ಡೆ ಇದು. ಗಡ್ಡೆ ಎಂದ ಕೂಡಲೇ ಗಾಬರಿ ಬೇಡ, ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದಿಲ್ಲ, ಜೀವಕ್ಕೆ ಅಪಾಯ ಮಾಡುವುದಿಲ್ಲ. ಇದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿ 1935ರಲ್ಲಿ ಹೆಸರಿಟ್ಟವರು ಅಮೆರಿಕದ ರೋಗಶಾಸ್ತ್ರಜ್ಞ ಹೆನ್ರಿ ಜಾಫೆ.

ಗಡ್ಡೆಯ ತಿರುಳು ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದು, ಒಂದು ಕಡಲೆಕಾಳಿನ ಗಾತ್ರದ ಆಸುಪಾಸು ಎನ್ನಬಹುದು. ಅದರ ಸುತ್ತ ಮೂಳೆ ದಪ್ಪಗಟ್ಟಿ ಬೆಳೆಯುತ್ತದೆ. ಹೆಚ್ಚಾಗಿ 5ರಿಂದ 25 ವರ್ಷದೊಳಗಿನವರಲ್ಲಿ ಕಾಣಿಸುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಕಾಲಿನ ಉದ್ದ ಮೂಳೆಗಳಲ್ಲಿ ಇರುತ್ತದೆ. ಅದರಲ್ಲೂ ಅದಕ್ಕೆ ಪ್ರಿಯವಾದ ಜಾಗ ತೊಡೆಮೂಳೆಯ ಮೇಲ್ತುದಿ, ಅಂದರೆ ಸೊಂಟದ ಕೀಲಿನ ಹತ್ತಿರದ ‘ಕತ್ತು’.

ಕ್ಯಾನ್ಸರ್ ಅಲ್ಲದ ಮೂಳೆಗಡ್ಡೆಗಳಲ್ಲಿ ಹತ್ತರಲ್ಲೊಂದು ಈ ಜಾತಿಯದು. ಆದರೆ ಸೊಂಟದ ಕೀಲು ನೋಯುವ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇದು ತೀರಾ ಅಪರೂಪ. ಅದಕ್ಕೇ ಇದು ಮೊದಲು ಯಾರ ತಲೆಗೂ ಹೊಳೆಯುವುದಿಲ್ಲ.

ರಾತ್ರಿಯೇ ಏಕೆ ಹೆಚ್ಚು? ಮಾತ್ರೆಗೆ ಏಕೆ ಅಷ್ಟು ಬೇಗ ಬಗ್ಗುತ್ತದೆ?

ಈ ನೋವಿಗೆ ಒಂದು ಗುರುತು ಇದೆ. ಹಗಲು ಓಡಾಡಿಕೊಂಡಿರುವ ಹುಡುಗ ಮಧ್ಯರಾತ್ರಿ ನೋವಿನಿಂದ ಎದ್ದು ಕೂರುತ್ತಾನೆ. ಒಂದು ನೋವಿನ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ನೋವು ಇಳಿದು ನಿದ್ದೆ ಬರುತ್ತದೆ. ಮರುದಿನ ರಾತ್ರಿ ಮತ್ತೆ ಅದೇ ಕಥೆ.

ಕಾರಣ ಗಡ್ಡೆಯ ತಿರುಳಿನಲ್ಲೇ ಇದೆ. ಅದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಮಾಮೂಲಿಗಿಂತ ಬಹಳ ಹೆಚ್ಚು ತಯಾರಿಸುತ್ತದೆ. ನೋವು, ಊತ ಹುಟ್ಟಿಸುವ ವಸ್ತು ಅದು. ಆ ತಿರುಳಿನೊಳಗೆ ನರದ ಎಳೆಗಳೂ ಇರುತ್ತವೆ. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ. ಆದ್ದರಿಂದಲೇ ನೋವು ಅಷ್ಟು ಬೇಗ ಇಳಿಯುತ್ತದೆ.

ಇದನ್ನು ಓದಿ ಮನೆಯಲ್ಲೇ ಮಗುವಿಗೆ ಆಸ್ಪಿರಿನ್ ಕೊಟ್ಟು ‘ಪರೀಕ್ಷೆ’ ಮಾಡಲು ಹೋಗಬೇಡಿ. ವೈರಲ್ ಜ್ವರ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಲಿವರ್ ಮತ್ತು ಮಿದುಳಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ಎಂಬ ತೊಂದರೆ ಬರಬಹುದು. ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇನ್ನೊಂದು ಮಾತು: ಮಾತ್ರೆಗೆ ನೋವು ಇಳಿಯಿತು ಎಂದ ಮಾತ್ರಕ್ಕೆ ಇದೇ ಕಾಯಿಲೆ ಎಂದಲ್ಲ. ಇಳಿಯಲಿಲ್ಲ ಎಂದ ಮಾತ್ರಕ್ಕೆ ಇದು ಅಲ್ಲ ಎಂದೂ ಅಲ್ಲ. ಅದು ಡಾಕ್ಟರಿಗೆ ಹೇಳಬೇಕಾದ ಸುಳಿವು, ಅಷ್ಟೇ.

ಪತ್ತೆ ಏಕೆ ತಡವಾಗುತ್ತದೆ?

ಮೊದಲ ಕಾರಣ, ನಾವೇ ಅದಕ್ಕೆ ಬೇರೆ ಹೆಸರು ಕೊಡುತ್ತೇವೆ. ‘ಬೆಳೆಯೋ ವಯಸ್ಸು, ಮೂಳೆ ನೋಯುತ್ತೆ’ ಎನ್ನುತ್ತೇವೆ. ‘ಕಬಡ್ಡಿ ಆಡುವಾಗ ಬಿದ್ದಿದ್ದ, ಉಳುಕಿದೆ’ ಎನ್ನುತ್ತೇವೆ. ಎಣ್ಣೆ ತಿಕ್ಕಿಸಿ ಉಳುಕು ತೆಗೆಸುತ್ತೇವೆ. ಮಕ್ಕಳ ಬೆಳವಣಿಗೆಯ ನೋವು ಎಂಬುದು ಇರುವುದು ಹೌದು. ಆದರೆ ಅದು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ, ಮಗು ಕುಂಟುವುದಿಲ್ಲ. ಯಾವಾಗಲೂ ಒಂದೇ ಕಡೆ, ಒಂದೇ ಜಾಗದಲ್ಲಿ, ವಾರಗಟ್ಟಲೆ ನಿದ್ದೆ ಕೆಡಿಸುವ ನೋವು ಬೆಳವಣಿಗೆಯ ನೋವಲ್ಲ.

ಎರಡನೆಯ ಕಾರಣ, ಎಕ್ಸ್-ರೇ ಕೈಕೊಡುತ್ತದೆ. ಮೂಳೆಯ ನಡುಭಾಗದಲ್ಲಿ ಗಡ್ಡೆ ಇದ್ದರೆ ಸುತ್ತ ದಪ್ಪಗಟ್ಟಿದ ಮೂಳೆ ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ. ಆದರೆ ಕೀಲಿನ ಒಳಗೆ ಇದ್ದರೆ ಆ ದಪ್ಪ ಅಷ್ಟಾಗಿ ಬೆಳೆಯುವುದಿಲ್ಲ. ಬದಲಿಗೆ ಕೀಲಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ. ಆಗ ಇದು ಸಂಧಿವಾತದಂತೆ ಕಾಣುತ್ತದೆ, ಕೀಲಿನ ಟಿಬಿಯಂತೆ ಕಾಣುತ್ತದೆ, ಮಕ್ಕಳಲ್ಲಿ ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ ಬರುವ ಪರ್ಥಿಸ್ ಕಾಯಿಲೆಯಂತೆಯೂ ಕಾಣಬಹುದು. ಎಂಆರ್‌ಐಯಲ್ಲಿ ಕೂಡ ಸುತ್ತಲಿನ ಊತವೇ ಕಣ್ಣಿಗೆ ಹೊಡೆದು ನಡುವಿನ ಸಣ್ಣ ತಿರುಳು ತಪ್ಪಿಹೋಗುವುದುಂಟು. ಅದನ್ನು ಹಿಡಿದು ತೋರಿಸುವುದರಲ್ಲಿ ತೆಳುವಾದ ಪದರಗಳಲ್ಲಿ ತೆಗೆದ ಸಿಟಿ ಸ್ಕ್ಯಾನ್ ಎಲ್ಲಕ್ಕಿಂತ ಮುಂದೆ. ‘ಎಂಆರ್‌ಐ ದುಬಾರಿ, ಅದೇ ದೊಡ್ಡ ಪರೀಕ್ಷೆ, ಅದರಲ್ಲಿ ಇಲ್ಲ ಎಂದರೆ ಇಲ್ಲ’ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ತಡವಾದರೆ ನಷ್ಟ ಏನು? ನಿದ್ದೆ ಇಲ್ಲದ ರಾತ್ರಿಗಳು, ತಪ್ಪಿದ ಶಾಲೆ, ಕುಂಟಿ ಕುಂಟಿ ಸೊರಗಿದ ತೊಡೆ. ಬೆಳೆಯುವ ಮಕ್ಕಳಲ್ಲಿ ಎರಡು ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಬರುವುದೂ ಇದೆ. ಬೇಡದ ಕಾಯಿಲೆಗೆ ಬೇಡದ ಔಷಧಿಯೂ ಹೊಟ್ಟೆ ಸೇರಬಹುದು.

ಆ ಸೂಜಿ ಏನು ಮಾಡುತ್ತದೆ?

ಹಿಂದೆ ಇದಕ್ಕೆ ಇದ್ದ ದಾರಿ ತೆರೆದ ಶಸ್ತ್ರಚಿಕಿತ್ಸೆ ಒಂದೇ. ಕಡಲೆಕಾಳಿನಷ್ಟು ತಿರುಳನ್ನು ಮೂಳೆಯ ಹೊರಗಿನಿಂದ ಕಣ್ಣಿನಲ್ಲಿ ಗುರುತಿಸುವುದು ಕಷ್ಟ. ತಪ್ಪಿಹೋಗಬಾರದೆಂದು ಸುತ್ತಲಿನ ಒಳ್ಳೆಯ ಮೂಳೆಯನ್ನೂ ಸೇರಿಸಿ ಕೆತ್ತಿ ತೆಗೆಯಬೇಕಿತ್ತು. ಇಡೀ ದೇಹದ ಭಾರ ಹೊರುವ ತೊಡೆಮೂಳೆಯ ಕತ್ತಿನಲ್ಲಿ ಹೀಗೆ ಕೆತ್ತಿದರೆ ಅದು ಮುರಿಯುವ ಭಯ. ಹಾಗಾಗಿ ಕೆಲವರಿಗೆ ರಾಡು, ಸ್ಕ್ರೂ, ಬೇರೆ ಕಡೆಯಿಂದ ತಂದ ಮೂಳೆ, ವಾರಗಟ್ಟಲೆ ಊರುಗೋಲು.

ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡಾ. ಡೇನಿಯಲ್ ರೋಸೆಂಥಾಲ್ ಮತ್ತು ಸಂಗಡಿಗರು 1992ರಲ್ಲಿ ಬೇರೆ ದಾರಿ ತೋರಿಸಿದರು. ನಾಲ್ವರು ರೋಗಿಗಳಲ್ಲಿ ಗಡ್ಡೆಯನ್ನು ಕೆತ್ತುವ ಬದಲು ಒಳಗೇ ಸುಟ್ಟ ವರದಿ ಅದು. ಇದನ್ನು ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಷನ್ ಎನ್ನುತ್ತಾರೆ. ಇಂದು ಈ ಕಾಯಿಲೆಗೆ ಹೆಚ್ಚು ಬಳಕೆಯಲ್ಲಿರುವ ಚಿಕಿತ್ಸೆ ಇದೇ.

ಕ್ರಮ ಹೀಗೆ. ರೋಗಿಯನ್ನು ಸಿಟಿ ಸ್ಕ್ಯಾನ್ ಯಂತ್ರದ ಮೇಲೆ ಮಲಗಿಸಿ ಅರಿವಳಿಕೆ ಕೊಡುತ್ತಾರೆ. ಚರ್ಮದಲ್ಲಿ ಕೆಲವೇ ಮಿಲಿಮೀಟರಿನ ರಂಧ್ರ. ಸ್ಕ್ಯಾನ್ ನೋಡಿಕೊಂಡೇ ಮೂಳೆಗೆ ಸಣ್ಣ ತೂತು ಕೊರೆದು, ಗಡ್ಡೆಯ ತಿರುಳಿನ ನಟ್ಟನಡುವೆ ಸೂಜಿಯಂಥ ಎಲೆಕ್ಟ್ರೋಡ್ ಇಳಿಸುತ್ತಾರೆ. ಪರೀಕ್ಷೆಗಾಗಿ ಅದೇ ದಾರಿಯಲ್ಲಿ ಒಂದು ಚೂರು ತೆಗೆಯುವುದೂ ಇದೆ. ಆಮೇಲೆ ಸೂಜಿಯ ತುದಿಯನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಆರು ನಿಮಿಷದ ಆಸುಪಾಸು ಹಿಡಿಯುತ್ತಾರೆ. ತುದಿಯ ಸುತ್ತ ಸುಮಾರು ಒಂದು ಸೆಂಟಿಮೀಟರ್ ಅಗಲದ ಜಾಗದಲ್ಲಿ ಜೀವಕೋಶಗಳು ಸಾಯುತ್ತವೆ. ಒಟ್ಟು ಕೆಲಸಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಬಹಳ ಮಂದಿ ಅದೇ ದಿನ ಅಥವಾ ಮರುದಿನ ನಡೆದುಕೊಂಡೇ ಮನೆಗೆ ಹೋಗುತ್ತಾರೆ.

ದೇಹಕ್ಕೆ ಕರೆಂಟ್ ಹಾಯಿಸಿದರೆ ಶಾಕ್ ಹೊಡೆಯುವುದಿಲ್ಲವೇ? ಬೆಳಕವಾಡಿ ಸೀಮೆಯವರಿಗೆ ಕರೆಂಟಿನ ಮಾತು ಹೊಸದಲ್ಲ. ಹತ್ತಿರದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಇಂದು ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ. ಅಷ್ಟು ನಿಧಾನದ ಏರಿಳಿತಕ್ಕೆ ನರ, ಸ್ನಾಯುಗಳು ಸ್ಪಂದಿಸಿ ಸೆಟೆದುಕೊಳ್ಳುತ್ತವೆ. ಅದೇ ಶಾಕ್. ಈ ಚಿಕಿತ್ಸೆಯಲ್ಲಿ ಬಳಸುವ ಕರೆಂಟ್ ಸೆಕೆಂಡಿಗೆ ಸುಮಾರು 5 ಲಕ್ಷ ಆವರ್ತ ಸುತ್ತುತ್ತದೆ. ಆ ವೇಗಕ್ಕೆ ನರಗಳು ಸ್ಪಂದಿಸಲಾರವು. ತುದಿಯ ಸುತ್ತಲಿನ ಅಯಾನುಗಳು ಅತ್ತಿತ್ತ ಕದಲಿ ತಿಕ್ಕಾಡಿ ಬಿಸಿ ಮಾತ್ರ ಹುಟ್ಟುತ್ತದೆ.

ಸೂಜಿ ಎಂದ ಮಾತ್ರಕ್ಕೆ ಇದು ಇಂಜೆಕ್ಷನ್ ಅಲ್ಲ. ಆ ತಿರುಳನ್ನು ಮುಟ್ಟುವುದು ಎಷ್ಟು ನೋವಿನ ಸಂಗತಿ ಎಂದರೆ, ಪೂರ್ತಿ ಅರಿವಳಿಕೆಯಲ್ಲಿ ಮಲಗಿದ ರೋಗಿಯಲ್ಲೂ ಆ ಕ್ಷಣ ಎದೆಬಡಿತ ಮತ್ತು ಉಸಿರಾಟ ಏರುತ್ತದೆ. ಆದ್ದರಿಂದ ಇದು ಅರಿವಳಿಕೆ ತಜ್ಞರು, ಸಿಟಿ ಯಂತ್ರ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಅಥವಾ ಅನುಭವಿ ಮೂಳೆತಜ್ಞರು ಇರುವಲ್ಲಿ ಮಾತ್ರ ಆಗುವ ಕೆಲಸ. ಕ್ಲಿನಿಕ್ಕಿನ ಬೆಂಚಿನ ಮೇಲೆ ಆಗುವಂಥದ್ದಲ್ಲ.

ನೂರಕ್ಕೆ ನೂರು ಗ್ಯಾರಂಟಿಯೇ?

ಅಲ್ಲ. ಅದೇ ಬೋಸ್ಟನ್ ತಂಡ 2003ರಲ್ಲಿ 263 ರೋಗಿಗಳ ಅನುಭವವನ್ನು ಪ್ರಕಟಿಸಿತು. ಎರಡು ವರ್ಷದವರೆಗೆ ಮಾಹಿತಿ ಸಿಕ್ಕವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಒಂದೇ ಸಲದ ಚಿಕಿತ್ಸೆಯಲ್ಲಿ ನೋವು ಪೂರ್ತಿ ಹೋಗಿತ್ತು. ಉಳಿದವರಿಗೆ ನೋವು ಮರುಕಳಿಸಬಹುದು, ಆಗ ಮತ್ತೊಮ್ಮೆ ಮಾಡಬಹುದು.

ಅಪಾಯಗಳು ಕಡಿಮೆ, ಆದರೆ ಇಲ್ಲ ಎಂದಲ್ಲ. ಚರ್ಮ ಸುಡುವುದು, ಸೋಂಕು, ಹತ್ತಿರದ ನರಕ್ಕೆ ಬಿಸಿ ತಾಗುವುದು, ಅಪರೂಪಕ್ಕೆ ಮೂಳೆ ಮುರಿಯುವುದು. ಗಡ್ಡೆ ಮುಖ್ಯ ನರಕ್ಕೆ ಅಥವಾ ಕೀಲಿನ ಮೃದುಮೂಳೆಗೆ ತೀರಾ ಹತ್ತಿರ ಇದ್ದರೆ ಡಾಕ್ಟರು ಬೇರೆ ದಾರಿ ಆರಿಸಬಹುದು. ಸಣ್ಣ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆ ಅಂಥ ಒಂದು ದಾರಿ. ತೊಡೆಮೂಳೆಯ ಕತ್ತಿನಲ್ಲಿ ಮಾಡಿಸಿಕೊಂಡವರು ನೋವು ಹೋಯಿತೆಂದು ಮರುವಾರವೇ ಓಡಬಾರದು, ಜಿಗಿಯಬಾರದು. ಸಾಮಾನ್ಯವಾಗಿ ಮೂರು ತಿಂಗಳು ಅದಕ್ಕೆಲ್ಲ ವಿರಾಮ ಹೇಳುತ್ತಾರೆ.

ಏನೂ ಮಾಡಿಸದಿದ್ದರೆ? ಈ ಗಡ್ಡೆ ಕೆಲವು ವರ್ಷಗಳಲ್ಲಿ ತಾನಾಗಿಯೇ ತಣ್ಣಗಾಗುವುದುಂಟು. ಡಾಕ್ಟರ ನಿಗಾದಲ್ಲಿ ಮಾತ್ರೆಯ ಮೇಲೆ ಕಾಯುವುದೂ ಒಪ್ಪಿತ ದಾರಿಯೇ. ಆದರೆ ವರ್ಷಗಟ್ಟಲೆ ದಿನವೂ ನೋವಿನ ಮಾತ್ರೆ ನುಂಗಿದರೆ ಜಠರದಲ್ಲಿ ಹುಣ್ಣು, ಕಿಡ್ನಿಗೆ ತೊಂದರೆ ಬರಬಹುದು. ಆ ಲೆಕ್ಕ ಹಾಕಿಯೇ ಹೆಚ್ಚಿನವರು ಚಿಕಿತ್ಸೆ ಆರಿಸಿಕೊಳ್ಳುತ್ತಾರೆ.

ಈ ಸೂಜಿ ಯಾರಿಗೆ ಅಲ್ಲ?

ಫಾರ್ವರ್ಡ್ ಸಂದೇಶಗಳು ಬಿಟ್ಟುಬಿಡುವ ಭಾಗ ಇದು. ವಯಸ್ಸಾದವರ ಕೀಲು ಸವೆತಕ್ಕೆ ಈ ಚಿಕಿತ್ಸೆ ಅಲ್ಲ. ತೊಡೆಮೂಳೆಯ ತಲೆಗೆ ರಕ್ತ ನಿಂತು ಮೂಳೆ ಸಾಯುವ ಕಾಯಿಲೆಗೂ ಅಲ್ಲ. ನಡುವಯಸ್ಸಿನವರಲ್ಲಿ ಅದು ಬರಲು ಅತಿಯಾದ ಮದ್ಯ ಮತ್ತು ಸ್ಟಿರಾಯ್ಡ್ ಎರಡು ಮುಖ್ಯ ಕಾರಣಗಳು. ಹೆಸರಿಲ್ಲದ ‘ನೋವಿನ ಪುಡಿ’ಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಉಂಟು ಎಂಬುದು ನೆನಪಿರಲಿ. ಕೀಲಿನ ಟಿಬಿಗೆ ಬೇಕಿರುವುದು ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳುವ ಮಾತ್ರೆ. ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಅದನ್ನು ನಿಲ್ಲಿಸಬಾರದು. ಅನುಮಾನ ಇದ್ದರೆ ಅದೇ ಡಾಕ್ಟರನ್ನು ಕೇಳಿ.

ಕರ್ನಾಟಕದಲ್ಲೇ ಇನ್ನೊಂದು ಉದಾಹರಣೆ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ಹಲವು ಕುಟುಂಬಗಳ ಜನ ಸೊಂಟ ಮತ್ತು ಮೊಣಕಾಲಿನ ಕೀಲು ನೋವಿನಿಂದ ನಡೆಯಲಾರದಂತಾಗಿರುವುದು ಬೆಳಕಿಗೆ ಬಂತು. ಆ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡು ‘ಹಂದಿಗೋಡು ಕಾಯಿಲೆ’ ಆಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿದ್ದೇ ಕಾರಣ ಇರಬಹುದೆಂದು ಮೊದಮೊದಲು ಅನುಮಾನಿಸಿದ್ದರು. ಮುಂದಿನ ಅಧ್ಯಯನಗಳಲ್ಲಿ ಅದು ಮನೆತನದಲ್ಲಿ ಹರಿದು ಬರುವ, ಮೂಳೆ ಮತ್ತು ಕೀಲಿನ ಬೆಳವಣಿಗೆಯನ್ನೇ ಕೆಡಿಸುವ ಅನುವಂಶೀಯ ಕಾಯಿಲೆ ಎಂದು ಗೊತ್ತಾಯಿತು. ಅಲ್ಲಿ ಸುಡಬೇಕಾದ ಗಡ್ಡೆಯೇ ಇಲ್ಲ, ಸೂಜಿಗೆ ಕೆಲಸವಿಲ್ಲ. ಕೀಲು ತೀರಾ ಹಾಳಾದಾಗ ಕೀಲು ಬದಲಾವಣೆಯಂಥ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಹಂದಿಗೋಡಿನ ನೋವೂ ಸೊಂಟದ ಕೀಲಿನದೇ, ಅದೂ ಅಪರೂಪದ್ದೇ. ಆದರೂ ಎರಡರ ದಾರಿ ಪೂರ್ತಿ ಬೇರೆ.

ಬೆಳಕವಾಡಿಯಿಂದ ಹೊರಟರೆ ದಾರಿ ಯಾವುದು?

ಬೆಳಕವಾಡಿಯ ಹುಡುಗನೊಬ್ಬನಿಗೆ ಇಂಥ ನೋವು ಬಂದಿದೆ ಎಂದುಕೊಳ್ಳೋಣ. ಮೊದಲ ಹೆಜ್ಜೆ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗ. ಗಡ್ಡೆ ಪತ್ತೆಯಾದ ಮೇಲೆ, ಈ ಚಿಕಿತ್ಸೆ ಎಲ್ಲಿ ಮಾಡುತ್ತಾರೆ ಎಂದು ಅಲ್ಲಿಯೇ ಕೇಳಿ ಮೈಸೂರಿಗೋ ಬೆಂಗಳೂರಿಗೋ ಹೋಗುವುದು. ಮೊದಲೇ ದೊಡ್ಡ ಊರಿಗೆ ಓಡುವುದಕ್ಕಿಂತ ಹೀಗೆ ಹೋಗುವುದರಲ್ಲಿ ಲಾಭ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಇದೆ. ಖಾಸಗಿ ಆಸ್ಪತ್ರೆಯಲ್ಲಿ ಈ ನೆರವು ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ತನ್ನ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಬೇಕು.

ಹೋಗುವಾಗ ಹಳೆಯ ಎಕ್ಸ್-ರೇ, ಸ್ಕ್ಯಾನ್ ಎಲ್ಲ ಜೊತೆಗಿರಲಿ, ವರದಿಯ ಹಾಳೆ ಮಾತ್ರ ಸಾಲದು. ಒಂದು ವಾರ ನೋವು ಎಷ್ಟು ಗಂಟೆಗೆ ಬಂತು, ಯಾವ ಮಾತ್ರೆಗೆ ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂದು ಬರೆದಿಟ್ಟುಕೊಂಡು ಹೋಗಿ. ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ನೋವಿಗೆ ಕಾರಣ ಏನೆಂದು ಖಚಿತವಾಗಿದೆಯೇ? ಸ್ಕ್ಯಾನಿನಲ್ಲಿ ಅದು ಎಲ್ಲಿ ಕಾಣುತ್ತದೆ, ತೋರಿಸುತ್ತೀರಾ? ಈ ಚಿಕಿತ್ಸೆ ಕೆಲಸ ಮಾಡದಿದ್ದರೆ ಮುಂದೇನು?

ಕೆಲವು ಲಕ್ಷಣಗಳಿದ್ದರೆ ಇಷ್ಟೆಲ್ಲ ಕಾಯುವಂತಿಲ್ಲ. ಜ್ವರದ ಜೊತೆ ಮಗು ಕಾಲು ಊರಲೇ ಒಪ್ಪದಿದ್ದರೆ ಅದು ಕೀಲಿನಲ್ಲಿ ಕೀವು ತುಂಬಿರುವ ಸೂಚನೆ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹತ್ತರಿಂದ ಹದಿನಾರರ ನಡುವಿನ, ಅದರಲ್ಲೂ ಮೈತೂಕ ಹೆಚ್ಚಿರುವ ಮಕ್ಕಳು ಕುಂಟಲು ಶುರುಮಾಡಿದರೆ ತೊಡೆಮೂಳೆಯ ತಲೆ ಜಾರಿರಬಹುದು. ಅವರನ್ನು ನಡೆಸದೆ ಕರೆದೊಯ್ಯಬೇಕು. ರಾತ್ರಿ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ, ಗಡ್ಡೆ ಕೈಗೆ ಸಿಗುವಂತಿದ್ದರೆ, ಬೇರೆ ಗಂಭೀರ ಕಾಯಿಲೆ ಇಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು.

ಕೇಳಿಬರುವ ಮಾತುಗಳು, ನಿಜ ಸಂಗತಿ

‘ಮೂಳೆಗಡ್ಡೆ ಎಂದರೆ ಕ್ಯಾನ್ಸರ್.’ ಎಲ್ಲವೂ ಅಲ್ಲ. ಆಸ್ಟಿಯಾಯ್ಡ್ ಆಸ್ಟಿಯೋಮಾ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವ ಸ್ವಭಾವವೂ ಅದಕ್ಕಿಲ್ಲ.

‘ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆ.’ ಈ ಗಡ್ಡೆ ಹರಡುವ ಜಾತಿಯದಲ್ಲ. ಚುಚ್ಚಿದರೂ ಹರಡುವುದಿಲ್ಲ.

‘ಎಣ್ಣೆ ತಿಕ್ಕಿದರೆ ಕರಗುತ್ತದೆ.’ ಗಡ್ಡೆ ಇರುವುದು ಮೂಳೆಯೊಳಗೆ. ತಿಕ್ಕಾಟ ಅಲ್ಲಿಗೆ ಮುಟ್ಟುವುದಿಲ್ಲ. ಜೋರಾಗಿ ಎಳೆದು ತಿರುಚಿದರೆ ಕೀಲಿಗೆ ಪೆಟ್ಟಾಗಬಹುದು.

‘ರೇಡಿಯೋ ಫ್ರೀಕ್ವೆನ್ಸಿ ಎಂದರೆ ವಿಕಿರಣ, ಮಕ್ಕಳಿಗೆ ಕೆಟ್ಟದ್ದು.’ ಅದು ಕೇವಲ ಬಿಸಿ ಹುಟ್ಟಿಸುವ ಕರೆಂಟ್. ಎಕ್ಸ್-ರೇ ವಿಕಿರಣ ಬರುವುದು ದಾರಿ ತೋರಿಸುವ ಸಿಟಿ ಸ್ಕ್ಯಾನಿನಿಂದ, ಅದನ್ನೂ ಮಕ್ಕಳಿಗೆ ಕಡಿಮೆ ಪ್ರಮಾಣದಲ್ಲಿ ಬಳಸುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

‘ಸೊಂಟ ನೋವಿಗೆ ಒಂದೇ ಸೂಜಿ’ ಎಂಬ ಸಂದೇಶ ಸಿಕ್ಕರೆ ಅದನ್ನು ಹಾಗೇ ಮುಂದಕ್ಕೆ ಕಳಿಸಬೇಡಿ. ಓದುವ ನೂರು ಜನರಲ್ಲಿ ಹೆಚ್ಚಿನವರ ನೋವು ಬೆನ್ನಿನದೋ ಸವೆತದ್ದೋ ಆಗಿರುತ್ತದೆ. ಅವರಿಗೆ ಅದು ಹುಸಿ ಆಸೆ, ಸಿಕ್ಕಸಿಕ್ಕ ಕಡೆ ಹಣ ಸುರಿಯಲು ದಾರಿ. ಕಳಿಸುವುದೇ ಆದರೆ ಇಷ್ಟು ಕಳಿಸಿ: ‘ಮಗುವಿಗೆ ಅಥವಾ ಹರೆಯದವರಿಗೆ ಒಂದೇ ಕಡೆ ತೊಡೆಸಂದಿಯಲ್ಲೋ ಮೊಣಕಾಲಿನಲ್ಲೋ ನೋವು ವಾರಗಟ್ಟಲೆ ಇದ್ದು ರಾತ್ರಿ ಎಬ್ಬಿಸುತ್ತಿದ್ದರೆ, ಮೊದಲ ಎಕ್ಸ್-ರೇ ಸರಿ ಇದೆ ಎಂದು ಸುಮ್ಮನಾಗಬೇಡಿ. ಸೊಂಟದ ಕೀಲನ್ನೂ ಪರೀಕ್ಷೆ ಮಾಡಿಸಿ.’ ಈ ಒಂದು ಮಾತು ತಲುಪಬೇಕಾದ ಮನೆಗೆ ತಲುಪಿದರೆ ಒಂದು ಮಗು ರಾತ್ರಿಯಿಡೀ ನಿದ್ದೆ ಮಾಡೀತು.